ವಕೀಲರ ಖರ್ಚು

"ಒಳಗೆ ಕಾಲಿಡಬೇಡಿ ಲಾಯರಮ್ಮ. ಹೇಳೋದಿದ್ರೆ ಅಲ್ಲೇ ನಿಂತು ಹೇಳಿ."

ನೂರ್‌ಜಹಾನ್ ಪೆಂಡಾಲಿನ ಹಗ್ಗ ಹಿಡಿದು ಅಡ್ಡ ನಿಂತಳು. ಶಿವಮೊಗ್ಗದ ಡಿ.ಸಿ. ಕಚೇರಿಯ ಎದುರು ಧರಣಿ ಕೂತವರೆಲ್ಲ ಕತ್ತು ಹೊರಳಿಸಿದರು. ಸರ್ಕಾರಿ ವಕೀಲರ ಸಹಾಯಕಿ ಲಿಖಿತಾ ಬಿಸಿಲಲ್ಲೇ ನಿಂತಳು.

"ಅಮ್ಮ, ಆ ಲಂಡನ್ ವಕೀಲರನ್ನ ಬಿಡಿಸ್ಬೇಡಿ. ಅವರಿದ್ರೇನೇ ಕಾರ್ಖಾನೆ ಜಪ್ತಿಯಲ್ಲಿ ಉಳಿಯೋದು."

"ಕಾರ್ಖಾನೆ ಉಳಿಯುತ್ತೋ ಬಿಡುತ್ತೋ, ಆ ವಕೀಲರ ಮನೆತನ ಅಂತೂ ಉಳಿಯುತ್ತೆ ಬಿಡಿ," ಎಂದರು ಹಿಂದಿನಿಂದ ಸಾವಿತ್ರಮ್ಮ. ಪೆಂಡಾಲೆಲ್ಲ ನಕ್ಕಿತು. ನೂರ್‌ಜಹಾನ್ ನಗಲಿಲ್ಲ.

ವಿಷಯ ಇಷ್ಟೇ. ಭದ್ರಾವತಿಯ ಎರಕದ ಕಾರ್ಖಾನೆಯೊಂದನ್ನು ಒಂದು ಪರದೇಶದ ಕಂಪನಿ ಇನ್ನೊಂದು ಪರದೇಶದ ಕಂಪನಿಗೆ ಮಾರಿತು. ಸರ್ಕಾರ ತೆರಿಗೆ ಕೇಳಿದರೆ, ವ್ಯಾಪಾರ ನಡೆದದ್ದು ಅಲ್ಲಿ, ಇಲ್ಲೇಕೆ ತೆರಿಗೆ ಎಂದಿತು ಮಾರಿದ ಕಂಪನಿ. ಸರ್ಕಾರ ಒಪ್ಪಲಿಲ್ಲ, ಕಾರ್ಖಾನೆಗೆ ಬೀಗ ಜಡಿದು ಯಂತ್ರಗಳನ್ನು ಜಪ್ತಿ ಮಾಡಿತು. ವ್ಯಾಜ್ಯ ಕಡಲು ದಾಟಿ ಯಾವುದೋ ನ್ಯಾಯಮಂಡಳಿಯ ಮೆಟ್ಟಿಲೇರಿತು. ಕೆಲಸಗಾರರ ಬಾಕಿ ನಡುವೆ ಸಿಕ್ಕಿಕೊಂಡಿತು.

ನೂರ್‌ಜಹಾನಳ ಗಂಡ ನಸರುಲ್ಲಾ ಅಲ್ಲಿ ಎರಕದ ಮರಳು ಜರಡಿ ಹಿಡಿದೂ ಹಿಡಿದೂ ಶ್ವಾಸಕೋಶದ ತುಂಬ ದೂಳು ತುಂಬಿಕೊಂಡಿದ್ದ. ಈಗ ಭದ್ರಾವತಿಯ ಬಾಡಿಗೆ ಮನೆಯಲ್ಲಿ ಆಕ್ಸಿಜನ್ ಸಿಲಿಂಡರಿನ ಪಕ್ಕ ಒರಗಿ ಕೂತಿರುತ್ತಿದ್ದ; ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಾಕಿ ಬಂದರೆ ಮಣಿಪಾಲಕ್ಕೆ ಕರೆದೊಯ್ಯಬಹುದು. ಬಾರದಿದ್ದರೆ ಏನೆಂಬುದನ್ನು ಅವಳು ದೇವರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಸರ್ಕಾರ ಲಂಡನ್ನಿನ ವಕೀಲರ ಸಲಹೆಗೆ ಸುರಿದ ಕೋಟಿಗಳ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅವಳ ಕಣ್ಣು ಕತ್ತಲಿಟ್ಟಿತ್ತು. ಅಲ್ಲೊಬ್ಬ ವಕೀಲ ಒಂದು ಗಂಟೆ ಮಾತಾಡುವ ಬೆಲೆಗೆ ಇಲ್ಲಿ ನಸರುಲ್ಲಾ ಮಳೆಗಾಲವಿಡೀ ಉಸಿರಾಡಬಹುದಿತ್ತು. ಅಂದೇ ಧರಣಿ ಶುರುವಾಯಿತು. ಬೇಡಿಕೆ ಒಂದೇ: ಆ ವಕೀಲರನ್ನು ಬಿಡಿ, ಆ ಹಣ ನಮಗೆ ಕೊಡಿ.

ಖಾಲಿ ಹೊಟ್ಟೆಯ ಧರಣಿ ಎಷ್ಟು ದಿನ ನಡೆದೀತು? ಆದರೂ ನಡೆಯಿತು, ಏಕೆಂದರೆ ಊಟ ಬಂತು. ಹೊಸಮನೆ ಬಡಾವಣೆಯ ಅಡುಗೆಯವರೊಬ್ಬರ ಲಗೇಜ್ ಆಟೊದಲ್ಲಿ ಪರಶುರಾಮ ದಿನವೂ ಮಧ್ಯಾಹ್ನ ಅನ್ನ, ಸಾರು, ಪಲ್ಯದ ಪಾತ್ರೆಗಳನ್ನು ತಂದಿಳಿಸುತ್ತಿದ್ದ. ಯಾರು ಕಳಿಸಿದ್ದೆಂದರೆ, "ಹೆಸರು ಹೇಳ್ಬಾರ್ದು ಅಂದಿದ್ದಾರೆ" ಎನ್ನುತ್ತಿದ್ದ. ಮತ್ತೆ ಯಾರೂ ಕೇಳಲಿಲ್ಲ. ಗುಟ್ಟಾಗಿ ಉಣ್ಣಿಸುವವರ ಹೆಸರು ಕೆದಕಿದರೆ ಅವರ ಪುಣ್ಯ ಕರಗುತ್ತದೆಂದು ಸಾವಿತ್ರಮ್ಮನ ಮನೆಯಲ್ಲೂ ನಂಬಿಕೆ, ನೂರ್‌ಜಹಾನಳ ಮನೆಯಲ್ಲೂ ನಂಬಿಕೆ.

ಶುಕ್ರವಾರ ಶ್ಯಾವಿಗೆ ಪಾಯಸ ಬಂದರೆ, "ಯಾರೋ ನಮ್ಮ ಹಾಜಿ ಸಾಹೇಬ್ರೇ ಸಾವಿತ್ರಕ್ಕಾ" ಎನ್ನುವಳು ನೂರ್‌ಜಹಾನ್.

"ಸೋಮವಾರ ಈರುಳ್ಳಿ ಹಾಕ್ದೆ ಮಾಡ್ತಾರಲ್ಲ ಮಾರಾಯ್ತಿ, ಅದೂ ನಿಮ್ಮ ಹಾಜಿ ಸಾಹೇಬ್ರೇನಾ?"

ಸಕ್ಕರೆ ಕಾಯಿಲೆಯ ಹುಲಿಯಪ್ಪನಿಗೆ ಮಾತ್ರ ಬೇರೆ ಡಬ್ಬಿಯಲ್ಲಿ ಮುದ್ದೆ ಬರುತ್ತಿತ್ತು. "ನನ್ನ ಕಾಯಿಲೆ ನನ್ನ ಹೆಂಡ್ತಿಗೇ ನೆನಪಿರಲ್ಲ ಕಣ್ರೋ, ಈ ಪುಣ್ಯಾತ್ಮಂಗೆ ನೆನಪಿದೆ" ಎಂದು ಅವನು ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದ.

ಲಿಖಿತಾ ಇನ್ನೂ ನಿಂತೇ ಇದ್ದಳು. "ವಿಚಾರಣೆ ಹತ್ರ ಬಂದಿದೆ. ಈಗ ವಕೀಲರು ಬದಲಾದ್ರೆ ಜಪ್ತಿ ಬಿಟ್ಟುಹೋಗುತ್ತೆ. ಕಂಪನಿಯವರು ಯಂತ್ರ ಬಿಚ್ಕೊಂಡು ಹೋದ್ಮೇಲೆ ಬಾಕಿಗೆ ನೀವು ಯಾರ ಕೊರಳಪಟ್ಟಿ ಹಿಡೀತೀರಿ?"

"ನಿಮಗೆ ಸಂಬಳ ಬರುತ್ತೆ, ಕಾಯ್ತೀರಿ. ನನ್ನ ಗಂಡನ ಎದೆ ಕಾಯಲ್ಲ. ಹೋಗಿ."

ಲಿಖಿತಾ ಹೋದಳು. ಅವಳ ಸ್ಕೂಟರು ತಿರುಗುವುದಕ್ಕೂ ಪರಶುರಾಮನ ಆಟೊ ಬರುವುದಕ್ಕೂ ಸರಿಹೋಯಿತು.

ಪೆಂಡಾಲಿನ ಮಾತು ಟೀವಿಯವರ ಬಾಯಿಗೆ ಬಿದ್ದು ದೆಹಲಿ ಮುಟ್ಟಿತು. ಜನರ ತೆರಿಗೆ ಪರದೇಶದ ವಕೀಲರ ಪಾಲು ಎಂದು ಗದ್ದಲವೆದ್ದಿತು. ಕಡೆಗೆ ಸರ್ಕಾರ ಬಗ್ಗಿತು. ಲಂಡನ್ ವಕೀಲರನ್ನು ಕೈಬಿಟ್ಟಿತು. ಉಳಿಯುವ ಹಣದ ವಿಚಾರ ಪರಿಶೀಲಿಸುತ್ತೇವೆ ಎಂದಿತು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅಂದಿನ ಊಟಕ್ಕೆ ಹೋಳಿಗೆ ಬಂತು. ನೂರ್‌ಜಹಾನ್ ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ನಸರುಲ್ಲಾನಿಗೆ ಚೂರುಚೂರೇ ತಿನ್ನಿಸಿದಳು. ಹಣ ಕೈಸೇರುವವರೆಗೆ ಏಳುವುದಿಲ್ಲವೆಂದು ಧರಣಿ ಮುಂದುವರಿಯಿತು.

ವಿಚಾರಣೆಯ ದಿನ ಸರ್ಕಾರದ ಪರವಾಗಿ ಎದ್ದು ನಿಂತ ಹೊಸ ವಕೀಲರು ಮೊಕದ್ದಮೆಯ ಕಾಗದಗಳನ್ನು ಪೂರ್ತಿ ಓದಿಯೂ ಇರಲಿಲ್ಲ. ಜಪ್ತಿ ತೆರವಾಯಿತು.

ಭದ್ರಾವತಿಯಲ್ಲಿ ಬಸ್ಸಿಗೆ ಹೊರಟ ನೂರ್‌ಜಹಾನ್ ಒಂದು ಬೆಳಿಗ್ಗೆ ಕಾರ್ಖಾನೆಯ ಗೇಟು ತೆರೆದಿರುವುದನ್ನು ಕಂಡಳು. ಉದ್ದುದ್ದ ಲಾರಿಗಳ ಮೇಲೆ ಯಂತ್ರಗಳು ಟಾರ್ಪಾಲು ಹೊದ್ದು ಹೊರಟಿದ್ದವು. ಅವಳು ಅಡ್ಡ ಓಡಿದಳು. ಕಾವಲುಗಾರ ರಟ್ಟೆ ಹಿಡಿದು ಪಕ್ಕಕ್ಕೆಳೆದ. ಕೊನೆಯ ಲಾರಿ ಎಬ್ಬಿಸಿದ ದೂಳಿನಲ್ಲಿ ಅವಳಿಗೂ ಉಸಿರು ಸಿಗಲಿಲ್ಲ. ಮನೆಗೆ ಮರಳಿ ಗಂಡನ ಮುಖ ನೋಡುವ ಧೈರ್ಯವಾಗದೆ ಶಿವಮೊಗ್ಗದ ಬಸ್ಸು ಹತ್ತಿದಳು.

ಸುದ್ದಿ ಪೆಂಡಾಲಿಗೂ ಮುಟ್ಟಿತ್ತು. ಸಾವಿತ್ರಮ್ಮ ಜಪಮಣಿ ಹಿಡಿದು ಕೂತರು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಆಟೊ ಬರಲಿಲ್ಲ. ಊಟ ಬರುತ್ತದೆಂದು ಮಾತ್ರೆ ನುಂಗಿ ಕೂತಿದ್ದ ಹುಲಿಯಪ್ಪ ಬೆವತು, ಪಕ್ಕದವರಲ್ಲಿ ಚೂರು ಬೆಲ್ಲ ಕೇಳಿದ.

ಎಲ್ಲ ಕಳೆದುಕೊಂಡ ಆ ಹೊತ್ತಿನಲ್ಲೂ ನೂರ್‌ಜಹಾನಳಿಗೆ ಉಣ್ಣಿಸಿದವರದೇ ಆತಂಕ. ಪರಶುರಾಮನಿಗೆ ಫೋನ್ ಮಾಡಿದಳು.

"ಇವತ್ತು ಬರ್ಲಿಲ್ಲವಲ್ಲಪ್ಪಾ. ಆ ಪುಣ್ಯಾತ್ಮರಿಗೆ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ಏನೂ ಆಗಿಲ್ಲಮ್ಮ," ಎಂದ ಪರಶುರಾಮ. "ಯಂತ್ರ ಎಲ್ಲ ಲೋಡಾಯ್ತು, ಇನ್ನು ಊಟ ಬೇಡ ಅಂತ ಕಂಪನಿಯವರು ಹೇಳಿದ್ರು."