ಮನೆಗೆ ಹೋಗುವ ಹೆಸರು

ಹಿಂಗಾರಿ ಜೋಳದ ಕೊಯ್ಲು ನಡೆದಿತ್ತು. ಮನೆಯಲ್ಲಿ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಸುದ್ದಿ ಬಂದೊಡನೆ ನಿಂಬೆವ್ವ ಕುಡುಗೋಲು ಬಿಸಾಕಿ ಹೊಲದಂಚಿನ ದಾರಿಗಲ್ಲಿನತ್ತ ಓಡಿದಳು. ಕಲ್ಲಿನ ಮುಂದೆ ಊರು, ಓಣಿ, ಮನೆಯ ಯಜಮಾನನ ಹೆಸರು ಹೇಳಬೇಕು. ಮಾತು ಕಲ್ಲಿನ ಈ ಅಚ್ಚಿಗೆ ಸರಿಯಾಗಿ ಕೂತರೆ ಮಾತ್ರ ನೆಲದಲ್ಲಿ ದಾರಿ ಮೂಡುತ್ತದೆ. ದಿನಾ ಗಂಡನೇ ಜೊತೆಗಿದ್ದು ಹೇಳುತ್ತಿದ್ದ. ಇಂದು ಅವನು ಮನೆಯಲ್ಲಿದ್ದ.

“ಕರೇಕಟ್ಟಿ, ಕುಂಬಾರ ಓಣಿ, ನಮ್ಮನಿಯವ್ರು.”

“ಆ ಹೆಸರಿನವರು ಇಲ್ಲ,” ಎಂದಿತು ಕಲ್ಲು.

“ಕರೇಕಟ್ಟಿ, ಕುಂಬಾರ ಓಣಿ, ನಿಂಬೆವ್ವ!”

“ದಾರಿ ಇಲ್ಲ.”

ಕಲ್ಲಿನ ಕಾವಲಿಗಿದ್ದ ಪರಸಪ್ಪ ನಕ್ಕ. “ಗಂಡನ ಹೆಸರ ಹೇಳಬೇ ಯಕ್ಕಾ. ಈ ವಯಸ್ಸಿನ್ಯಾಗೂ ನಾಚಿಕೀನ?”

“ಮನಿ ಗ್ವಾಡಿ ಕಟ್ಟಿದಾಕಿ ನಾ, ಎಮ್ಮಿ ಸಾಕಿದಾಕಿ ನಾ. ನನ್ನ ಹೆಸರಿಗೆ ನನ್ನ ಮನಿ ದಾರಿ ಇಲ್ಲೇನೋ, ಭಾಡ್ಯಾ?”

“ಅಚ್ಚು ನಾ ಮಾಡಿದ್ದಲ್ಲಬೇ.”

ನಿಂಬೆವ್ವ ಕಲ್ಲಿನತ್ತ ತಿರುಗಿದಳು. ಮದುವೆಯಾದಾಗಿನಿಂದ ಬಾಯಲ್ಲಿ ಬಾರದಿದ್ದ ಹೆಸರನ್ನು ಬೈಗುಳದಂತೆ ಕೂಗಿದಳು: “ಕರೇಕಟ್ಟಿ! ಕುಂಬಾರ ಓಣಿ! ಮುದಕಪ್ಪ!”

ದಾರಿ ಮೂಡಿತು.

ಅಂಗಳದಲ್ಲಿ ಗಂಡ ಎಮ್ಮೆಯ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದ. ಕರುವಿನ ಒಂದು ಕಾಲು ಹೊರಗೆ ಬಂದಿತ್ತು. ನಿಂಬೆವ್ವ ಸೆರಗು ಸಿಕ್ಕಿಸಿ ಎಮ್ಮೆಯ ಹಿಂದೆ ಕೂತಳು.

“ಏ ಮುದಕಪ್ಪ, ನೀರ ಕಾಸು ಹೋಗು!”

ತನ್ನನ್ನು ಕರೆದವರು ಯಾರೆಂದು ಅವನು ಬೀದಿಯತ್ತ ನೋಡಿದ.