ಪದರ ಬೇರೂರುವ ತನಕ

ನೀಲಗಂಗವ್ವ ಬೆಳಿಗ್ಗೆಯೇ ಓಣಿಯ ದವಾಖಾನೆಗೆ ಹೋಗಿ ಬಾಯೊಳಗೆ ಹೊಸ ಪದರ ಹಾಕಿಸಿಕೊಂಡು ಬಂದಿದ್ದಳು. ನಲವತ್ತು ದಾಟಿದ ಎಲ್ಲರಂತೆ ಅವಳ ಕೆನ್ನೆಯೊಳಗೆ ಹೊಸ ಚರ್ಮ ಹುಟ್ಟಿಸುವ ಕಾಂಡಕೋಶಗಳೂ ದಣಿದಿದ್ದವು. ಆರು ತಿಂಗಳಿಗೊಮ್ಮೆ ಹೊಸವನ್ನು ನೆಡಿಸಿಕೊಳ್ಳದಿದ್ದರೆ ರೊಟ್ಟಿಯ ಅಂಚು ತಾಗಿದರೂ ಹುಣ್ಣು. ನೆಟ್ಟವು ಬೇರೂರುವ ತನಕ, ಅಂದರೆ ಸಂಜೆಯವರೆಗೆ, ತುಟಿ ಬಿಚ್ಚುವಂತಿಲ್ಲ.

ಅದು ಗೊತ್ತಿದ್ದೇ ಅಣ್ಣ ಚನಬಸಪ್ಪ ಮಧ್ಯಾಹ್ನ ಗಂಡಿನ ಕಡೆಯವರನ್ನು ಕರೆತಂದ. ಈ ಹುಡುಗ ಬೇಡವೆಂದು ನೀಲಗಂಗವ್ವನ ಮಗಳು ಶಾಂಭವಿ ತಿಂಗಳಿಂದ ಅಳುತ್ತಿದ್ದಳು. ಹಿರಿಯರೆದುರು ಅವಳ ಮಾತು ನಡೆಯುವಂತಿರಲಿಲ್ಲ. ನೀಲಗಂಗವ್ವ ಜೋರಾಗಿ ಅಡ್ಡಡ್ಡ ತಲೆಯಾಡಿಸಿದಳು.

"ಬಾಯಾಗ ಪದರ ಹಾಕಿಸ್ಯಾಳ್ರೀ, ಉರಿಗೆ ತಲಿ ಅಲ್ಲಾಡಸ್ತಾಳ," ಎಂದ ಅಣ್ಣ.

ಅವಳು ಎರಡೂ ಕೈ ಬೀಸಿದಳು.

"ಕುಂಡ್ರಿ ಅನ್ನಾಕತ್ಯಾಳ್ರೀ."

ಗಂಡಿನ ಕಡೆಯ ಹಿರಿಯ ನಕ್ಕ. "ಹಡೆದಾಕಿ ಸುಮ್ನದಾಳ ಅಂದ್ರ ಒಪ್ಪಿದಂಗಲ್ರೀ? ಸಕ್ರಿ ಕೊಡ್ರಿ ಹುಡುಗಿಗೆ."

ಸಂಬಂಧ ಗಟ್ಟಿ ಮಾಡುವ ಸಕ್ಕರೆಯ ತಟ್ಟೆ ಶಾಂಭವಿಯ ಮುಂದೆ ಬಂತು.

"ಒಲ್ಲೆ! ಈ ಸಂಬಂಧ ಒಲ್ಲೆ!" ಎಂದು ನೀಲಗಂಗವ್ವ ಕೂಗಿದಳು.

ಕೆನ್ನೆಯೊಳಗೆ ಹಸಿ ಪದರ ಪರಪರನೆ ಹರಿಯಿತು. ತುಟಿಯಂಚಿನಲ್ಲಿ ರಕ್ತ ಇಳಿಯಿತು. ತಟ್ಟೆ ಹಿಡಿದ ಕೈ ಹಿಂದೆ ಸರಿಯಿತು.

"ಹುಚ್ಚಿ, ಮತ್ತ ಪದರ ಹಾಕೂತನಕ ಇನ್ನ ಆರ್ ತಿಂಗಳು ಗಂಜಿ ಕುಡೀಬೇಕಾಕ್ಕೈತಿ!" ಎಂದು ಅಣ್ಣ ಚೀರಿದ.

ಹೇಗೂ ಪದರ ಹೋಗಿಯೇ ಹೋಗಿತ್ತು. ನೀಲಗಂಗವ್ವ ಸೆರಗಿನಿಂದ ರಕ್ತ ಒರೆಸಿಕೊಂಡು, ಅಣ್ಣನಿಗೆ ಇಪ್ಪತ್ತು ವರ್ಷ ಹೇಳದೆ ನುಂಗಿದ್ದನ್ನೆಲ್ಲ ಮೊದಲಿನಿಂದ ಹೇಳಲು ಶುರುಮಾಡಿದಳು.