ಬಗ್ಗಿದವಳು

ಕಾಡಂಚಿನಲ್ಲಿ ಹುಲ್ಲು ಕೊಯ್ಯುವವರೆಲ್ಲ ಪ್ರಾಣಿಗಳ ಮಾತನ್ನು ಕನ್ನಡದಲ್ಲಿ ಕೇಳಿಸುವ ಕಿವಿಯಂತ್ರ ಹಾಕಿಕೊಂಡೇ ಹೋಗುತ್ತಿದ್ದರು. ಅಂದು ಚಿಕ್ಕತಾಯಿಯ ಜೊತೆ ಬಂದಿದ್ದ ಅವಳ ಅತ್ತಿಗೆ ದೇವಾಜಮ್ಮ ತನ್ನದನ್ನು ಮನೆಯಲ್ಲೇ ಮರೆತಿದ್ದಳು. ಮರದ ಮೇಲಿನ ಮುಸುವಗಳ ಹರಟೆಗೆ ನಗುತ್ತ ನಿಂತಿದ್ದ ಚಿಕ್ಕತಾಯಿಯ ಕಿವಿಗೆ ಇದ್ದಕ್ಕಿದ್ದಂತೆ ಒಂದು ಪಿಸುಮಾತು ಬಿತ್ತು. ತಾಯಿಹುಲಿಯೊಂದು ಮರಿಗೆ ಹೇಳಿಕೊಡುತ್ತಿತ್ತು: “ನಿಂತವಳು ಬೇಡ ಮಗ. ಬಗ್ಗಿದವಳನ್ನು ನೋಡಿಕೋ.”

ಚಿಕ್ಕತಾಯಿ ದನಿ ಬಂದ ಪೊದೆಯತ್ತ ಕಣ್ಣು ನೆಟ್ಟಳು. ಓಡಿದರೆ ಕೆಟ್ಟೆವು ಎಂದು ಅವಳಿಗೆ ಗೊತ್ತಿತ್ತು.

“ಅತ್ಗೆ, ಕುಡ್ಲು ಬುಟ್ಬುಟ್ಟು ಮೆಲ್ಲಗೆ ಎದ್ ನಿಂತ್ಕೊ.”

“ಯಾಕವ್ವ? ಇನ್ನೊಂದು ಹೊರೆ ಆಯ್ತದೆ.”

“ನಿನ್ ಕಾಲಿಗ್ ಬೀಳ್ತೀನಿ, ಏಳು.”

ಆ ದನಿಯಿಂದಲೇ ದೇವಾಜಮ್ಮನಿಗೆ ಅರ್ಥವಾಯಿತು. ಇಬ್ಬರೂ ಕೈ ಕೈ ಹಿಡಿದು, ಪೊದೆಗೆ ಬೆನ್ನು ತೋರಿಸದೆ ಹಿಂದಡಿ ಇಡುತ್ತ ರಸ್ತೆ ಸೇರಿದರು. ದೇವಾಜಮ್ಮ ದೇವರಿಗೆ ಕೈಮುಗಿದಳು. ಚಿಕ್ಕತಾಯಿಯ ಕಿವಿಯಲ್ಲಿ ಮಾತ್ರ ಆ ತಾಳ್ಮೆಯ ದನಿ ಇನ್ನೂ ಕೇಳುತ್ತಿತ್ತು: “ಇರಲಿ ಮಗ. ಇವರು ನಾಳೆಯೂ ಬರುತ್ತಾರೆ.”